ಯಾರ ಸಲುವಾಗಿ ಈ ಕಾವಲು?

*ಇಂದಿನ ಧಮ್ಮ ಚಿಂತನೆ*





ಇವತ್ತು ಒಂದೇ ಒಂದು ಶಬ್ದ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂಡೋಣ. ಆ ಶಬ್ದ *ಅಪ್ಪಮಾದ*. ಪಾಲಿ ಭಾಷೆಯಲ್ಲಿ ಪಮಾದ ಎಂದರೆ ಮೈಮರೆವು, ಅಸಡ್ಡೆ. ಅದು ಇಲ್ಲದಿರುವುದೇ ಅಪ್ಪಮಾದ, ಅಂದರೆ ಎಚ್ಚರ. ಕನ್ನಡದಲ್ಲಿ ನಾವು ಬಳಸುವ ‘ಪ್ರಮಾದ’ವೂ ಇದೇ ಬೇರಿನದು. ದೊಡ್ಡ ತಪ್ಪಾದಾಗ ‘ಪ್ರಮಾದವಾಯಿತು’ ಎನ್ನುತ್ತೇವೆ. ತಪ್ಪು ಕಣ್ಣಿಗೆ ಬೀಳುವುದು ಆಮೇಲೆ. ಅದಕ್ಕೂ ಮೊದಲು ಎಲ್ಲೋ ಒಂದು ಕಡೆ ಮೈಮರೆವು ಆಗಿಹೋಗಿರುತ್ತದೆ.

ಈ ಶಬ್ದಕ್ಕೆ ಧಮ್ಮದಲ್ಲಿ ಎಷ್ಟು ದೊಡ್ಡ ಜಾಗವಿದೆ ನೋಡಿ. ಧಮ್ಮಪದದ 26 ವಗ್ಗಗಳಲ್ಲಿ ಎರಡನೆಯದರ ಹೆಸರೇ ಅಪ್ಪಮಾದ ವಗ್ಗ. ಕುಸಿನಾರದಲ್ಲಿ ಭಗವಾನ್ ಬುದ್ಧರು ಕೊನೆಯದಾಗಿ ಭಿಕ್ಖುಗಳಿಗೆ ಹೇಳಿದ ಮಾತಿನ ಸಾರವೂ ಇದೇ: ಕೂಡಿದ್ದೆಲ್ಲ ಕಳಚುತ್ತದೆ, ನೀವು ಎಚ್ಚರದಿಂದ ಗುರಿ ಮುಟ್ಟಿರಿ. ನಾವು ವಂದನೆಯಲ್ಲಿ ಹೇಳುವ ಪಂಚಶೀಲದ ಐದನೆಯ ಶೀಲದಲ್ಲಿ ಕೂಡ ಈ ಶಬ್ದ ಕುಳಿತಿದೆ. ಅಲ್ಲಿ ಮದ್ಯವನ್ನು ಕರೆದಿರುವುದು ‘ಪಮಾದಟ್ಠಾನ’ ಎಂದು, ಅಂದರೆ ಮೈಮರೆವಿನ ಠಾಣೆ. ಕುಡಿತ ಬಿಡಬೇಕಾದದ್ದು ಅದು ಮೈಲಿಗೆ ಎಂದಲ್ಲ. ಕುಡಿದವನ ಕೈಯಿಂದ ಎಚ್ಚರ ಜಾರುತ್ತದೆ, ಎಚ್ಚರ ಜಾರಿದ ಮೇಲೆ ಉಳಿದ ನಾಲ್ಕು ಶೀಲಗಳನ್ನು ಕಾಯುವವರು ಯಾರೂ ಇರುವುದಿಲ್ಲ.

ಇಷ್ಟು ಪಾಠದ ಮಾತು. ಇನ್ನು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ.

*ನಮಗೆ ಎಚ್ಚರ ಹೊಸದೇ?*

‘ಎಚ್ಚರದಿಂದಿರು’ ಎಂಬ ಮಾತು ನಮ್ಮ ಕೇರಿಗೆ ಹೊಸದಲ್ಲ. ನಮ್ಮ ಅಜ್ಜಿ ಬದುಕಿದ್ದೇ ಎಚ್ಚರದಲ್ಲಿ. ಮೇಲಿನ ಓಣಿ ಬಂದರೆ ಚಪ್ಪಲಿ ಕೈಗೆ ಬರಬೇಕು. ಬಾವಿಯ ಹತ್ತಿರ ದೂರ ನಿಂತು, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ನೀರು ಹೊಯ್ಯುವ ತನಕ ಕಾಯಬೇಕು. ಹೊಟೇಲಿನ ಮುಂದೆ ನಮ್ಮ ಕಪ್ಪು ಯಾವುದು ಎಂದು ನೆನಪಿರಬೇಕು, ಕುಡಿದಾದ ಮೇಲೆ ತೊಳೆದಿಡಬೇಕು. ಯಾರ ಮುಂದೆ ಕೂಡಬಾರದು, ಯಾರ ಮುಂದೆ ನಗಬಾರದು, ನೆರಳು ಯಾರ ಮೇಲೆ ಬೀಳಬಾರದು, ಎಲ್ಲ ಅವಳಿಗೆ ಬಾಯಿಪಾಠ. ಮನೆಯಿಂದ ಹೊರಟ ಮಕ್ಕಳಿಗೆ ಅವಳು ಹೇಳುತ್ತಿದ್ದ ಮಾತು ಒಂದೇ: “ಹುಷಾರ ಹೋಗ್ರವಾ, ತಲಿ ತಗ್ಗಿಸಿ ಹೋಗ್ರಿ.”

ಸತಿಪಟ್ಠಾನ ಸುತ್ತದಲ್ಲಿ ನಡೆಯುವಾಗ, ನಿಲ್ಲುವಾಗ, ಉಣ್ಣುವಾಗ, ಮಾತಾಡುವಾಗ, ಸುಮ್ಮನಿರುವಾಗ ಅರಿವು ಇರಲಿ ಎಂಬ ಬೋಧನೆ ಇದೆ. ಅದನ್ನು ಓದುವಾಗಲೆಲ್ಲ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳಿಗೂ ಹೆಜ್ಜೆ ಹೆಜ್ಜೆಗೆ ಎಚ್ಚರವಿತ್ತು. ಹಾಗಾದರೆ ಅವಳಿಗೂ ಸಾಧಕರಿಗೂ ಏನು ವ್ಯತ್ಯಾಸ?

ಇನ್ನೊಂದು ಎಚ್ಚರವೂ ನಮ್ಮ ಹಿರಿಯರ ಪಾಲಿಗೆ ಬಂದಿತ್ತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದಲ್ಲಿ ಊರ ಕಾವಲು ಕಾಯುವುದು, ಸೀಮೆ ತೋರಿಸುವುದು, ಸರಕಾರಿ ಟಪಾಲು ಹೊತ್ತು ಓಡುವುದು ಮಹಾರರ ವಂಶದ ಚಾಕರಿ. ಅದಕ್ಕೆ ವತನ ಎಂದು ಹೆಸರು. ಕೊಡುತ್ತಿದ್ದದ್ದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಒಂದಷ್ಟು ಕಾಳು. ಹಗಲು ರಾತ್ರಿ ಯಾವಾಗ ಕರೆದರೂ ಹೋಗಬೇಕು. 1874ರ ವತನ ಕಾಯ್ದೆ ಈ ಜೀತಕ್ಕೆ ಸರಕಾರದ ಮುದ್ರೆ ಒತ್ತಿತ್ತು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅದರ ತಿದ್ದುಪಡಿಗೆ ಮಸೂದೆ ತಂದರು, ವರ್ಷಗಟ್ಟಲೆ ಹೋರಾಡಿದರು. ಈ ವತನಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1958ರಲ್ಲಿ, ಅವರು ತೀರಿಕೊಂಡ ಮೇಲೆ.

ಅಂದರೆ ನಮ್ಮವರು ಊರೆಲ್ಲ ಮಲಗಿದ ಮೇಲೂ ಎಚ್ಚರವಿದ್ದವರು. ಆದರೆ ಆ ಎಚ್ಚರ ಕಾಯುತ್ತಿದ್ದದ್ದು ಬೇರೆಯವರ ಧಾನ್ಯದ ಹಗೆ, ಬೇರೆಯವರ ಬಾಗಿಲು, ಬೇರೆಯವರ ಮಡಿ. ತಮ್ಮದು ಎಂದು ಕಾಯಲು ಅವರಿಗೆ ಏನನ್ನೂ ಬಿಟ್ಟಿರಲಿಲ್ಲ.

ಈ ಹಳೆಯ ಎಚ್ಚರ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಜೂನ್ ತಿಂಗಳು ಶಾಲೆಗೆ ಹೊಸದಾಗಿ ಸೇರುವ ಮಕ್ಕಳ ಹೆಸರು ಬರೆದುಕೊಳ್ಳುವಾಗ ನಾನು ನೋಡುತ್ತೇನೆ. ಕೆಲವು ಮಕ್ಕಳು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ, ಅಡ್ಡಹೆಸರು ಬಂದ ಕೂಡಲೇ ದನಿ ಇಳಿಯುತ್ತದೆ. ಜಾತಿ ಪ್ರಮಾಣಪತ್ರ ಎಂದ ಕೂಡಲೇ ಮೊದಲು ಆಚೀಚೆ ನೋಡಿ, ಆಮೇಲೆ ನನ್ನ ಕಡೆ ನೋಡುತ್ತಾರೆ. ಆರು ವರ್ಷದ ಮಗುವಿಗೆ ಇದನ್ನು ಯಾರೂ ಪಾಠ ಹೇಳಿಕೊಟ್ಟಿಲ್ಲ. ಅಜ್ಜಿಯ ಎಚ್ಚರ ಹಾಗೇ ಕೈದಾಟಿ ಬಂದಿದೆ.

ವ್ಯತ್ಯಾಸ ಇಲ್ಲಿದೆ ಎಂದು ನನಗೆ ತೋರುತ್ತದೆ. ಅಂಜಿಕೆಯ ಎಚ್ಚರದಲ್ಲಿ ನಮ್ಮ ಕಣ್ಣು ಇನ್ನೊಬ್ಬರ ಮುಖದ ಮೇಲೆ ಇರುತ್ತದೆ: ಅವರು ಸಿಟ್ಟಾದರೋ, ಏನೆಂದುಕೊಂಡರೋ ಎಂದು. ಧಮ್ಮದ ಎಚ್ಚರದಲ್ಲಿ ಕಣ್ಣು ನಮ್ಮ ಮನಸ್ಸಿನ ಮೇಲೆ ಇರುತ್ತದೆ: ಈಗ ನನ್ನೊಳಗೆ ಎದ್ದದ್ದು ಏನು, ಇದನ್ನು ಬೆಳೆಯಗೊಡಲೋ ಬೇಡವೋ ಎಂದು. ಮೊದಲನೆಯದರಲ್ಲಿ ಮನುಷ್ಯ ದಿನದಿನಕ್ಕೆ ಕುಗ್ಗುತ್ತಾನೆ. ಎರಡನೆಯದರಲ್ಲಿ ತನ್ನ ಮನೆಗೆ ತಾನೇ ಯಜಮಾನನಾಗುತ್ತಾನೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಮನಸ್ಸು ನೋಡಿಕೊಳ್ಳಿ, ಹೊರಗಿನ ಅನ್ಯಾಯಕ್ಕೆ ಕಣ್ಣು ಮುಚ್ಚಿರಿ’ ಎಂದು ಯಾರಾದರೂ ಉಪದೇಶ ಮಾಡಿದರೆ ಅದು ಧಮ್ಮವಲ್ಲ. ಮೀಸಲಾತಿ, ಭೂಮಿ, ಹಾಸ್ಟೆಲಿನ ಅನ್ನ, ದೌರ್ಜನ್ಯ ತಡೆ ಕಾಯ್ದೆ, ಇವೆಲ್ಲದರ ಮೇಲೂ ನಮಗೆ ಕಣ್ಣಿರಲೇಬೇಕು. ಹೊರಗಿನ ಕಾವಲನ್ನು ಅಂಜದೆ ಮಾಡಬೇಕಾದರೆ ಒಳಗಿನ ಕಾವಲು ಗಟ್ಟಿ ಇರಬೇಕು. ಇಷ್ಟೇ ನಾನು ಹೇಳುವುದು.

*ಕೋಟೆಯ ಬಾಗಿಲು*

ಅಂಗುತ್ತರ ನಿಕಾಯದಲ್ಲಿ ಬುದ್ಧರು ಗಡಿಯ ಕೋಟೆಯ ಹೋಲಿಕೆ ಕೊಟ್ಟಿದ್ದಾರೆ. ಕೋಟೆಯ ಬಾಗಿಲಲ್ಲಿ ಜಾಣ ಕಾವಲುಗಾರನೊಬ್ಬ ಇರುತ್ತಾನೆ. ಗುರುತಿಲ್ಲದವರನ್ನು ತಡೆಯುತ್ತಾನೆ, ಗುರುತಿದ್ದವರನ್ನು ಒಳಗೆ ಬಿಡುತ್ತಾನೆ. ಸತಿ, ಅಂದರೆ ಎಚ್ಚರದ ನೆನಪು, ಆ ಕಾವಲುಗಾರನಂತೆ. ನಾವು ಕಿತ್ತೂರಿನ ಮಂದಿ, ನಮಗೆ ಕೋಟೆಯ ಮಾತು ಬೇಗ ತಿಳಿಯುತ್ತದೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು ಆ ಕೋಟೆಯ ಮುಂದೆಯೇ. ಡಿಸೆಂಬರಿನಲ್ಲಿ ಇಂಗ್ಲಿಷರು ಮತ್ತೆ ಬಂದಾಗ ಕೋಟೆ ಕೈಬಿಟ್ಟಿತು. ಏಕೆ ಬಿಟ್ಟಿತು ಎಂದು ಹಳ್ಳಿಯ ಲಾವಣಿಕಾರರನ್ನು ಕೇಳಿ ನೋಡಿ. ಒಳಗಿನವರೇ ಮದ್ದಿನಲ್ಲಿ ಸಗಣಿ ಬೆರೆಸಿದರು ಎನ್ನುತ್ತಾರೆ. ಇತಿಹಾಸಕಾರರು ಏನೇ ಹೇಳಲಿ, ಜನಪದರ ಅನುಭವ ದೊಡ್ಡದು: ಹೊರಗಿನ ವೈರಿಗೆ ಬಾಗಿಲು ಹಾಕಬಹುದು, ಒಳಗೆ ಇದ್ದುಕೊಂಡೇ ಮದ್ದು ಕೆಡಿಸುವವರನ್ನು ಗುರುತಿಸುವುದು ಕಷ್ಟ.

ದ್ವಾರಪಾಲಕನ ಹೋಲಿಕೆಯಲ್ಲಿ ನನಗೆ ಹಿಡಿಸುವ ಇನ್ನೊಂದು ಅಂಶವಿದೆ. ಅವನು ಬರೀ ತಡೆಯುವವನಲ್ಲ, ಒಳಗೆ ಬಿಡುವವನೂ ಹೌದು. ಒಳ್ಳೆಯ ವಿಚಾರ ಬಾಗಿಲಿಗೆ ಬಂದಾಗ ಗುರುತಿಸಿ ಕರೆದುಕೊಳ್ಳುವುದೂ ಎಚ್ಚರವೇ. ಮೋರೆ ಗಂಟಿಕ್ಕಿಕೊಂಡು, ಮೈಯೆಲ್ಲ ಬಿಗಿಹಿಡಿದು ಕೂತವರಿಗೆ ಎಚ್ಚರವಿದೆ ಎಂದು ತಿಳಿಯಬೇಡಿ.

*ಯಾರ ಮುಂದೆ ಲೆಕ್ಕ?*

ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯೊಬ್ಬರು ಕ್ರೈಸ್ತರು. ಮಲಗುವ ಮುಂಚೆ ಅವರು ದಿನದ ನಡೆನುಡಿಯನ್ನೆಲ್ಲ ನೆನೆದು ದೇವರ ಮುಂದೆ ಇಡುತ್ತಾರೆ. ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಶಿಷ್ಯರಿಗೆ ಎಚ್ಚರವಾಗಿದ್ದು ಪ್ರಾರ್ಥಿಸಲು ಹೇಳಿದರೂ ಅವರು ನಿದ್ದೆ ಹೋದ ಕಥೆಯನ್ನು ಅವರೇ ನನಗೆ ಹೇಳಿದ್ದು. ಒಂದು ದಿನ ಊಟದ ಬಿಡುವಿನಲ್ಲಿ ಅವರು ಕೇಳಿದರು: “ಅಕ್ಕೋರ, ನಮ್ಮನ್ನ ಮ್ಯಾಲೆ ಒಬ್ಬಾಂವ ನೋಡ್ತಾನ, ಅದಕ್ಕ ಲೆಕ್ಕ ಕೊಡ್ತೀವಿ. ನಿಮಗ ದೇವರ ಇಲ್ಲ. ನೀವು ಯಾರಿಗೆ ಲೆಕ್ಕ ಕೊಡ್ತೀರಿ?”

ಇದು ಚೇಷ್ಟೆಯ ಪ್ರಶ್ನೆಯಾಗಿರಲಿಲ್ಲ. ಗೌರವದಿಂದ ಕೇಳಿದ್ದು. ನಾವೆಲ್ಲ ಉತ್ತರ ಕೊಡಬೇಕಾದ ಪ್ರಶ್ನೆ.

1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಬಾಬಾಸಾಹೇಬರು ಇದಕ್ಕೆ ದಾರಿ ತೋರಿಸಿದ್ದಾರೆ. ಧರ್ಮಗಳಲ್ಲಿ ದೇವರಿಗೆ ಇರುವ ಸ್ಥಾನ ಧಮ್ಮದಲ್ಲಿ ನೀತಿಗೆ ಇದೆ ಎಂಬುದು ಅವರ ವಿವರಣೆ. ಒಬ್ಬನೇ ಮನುಷ್ಯ ಇದ್ದರೆ ಧಮ್ಮ ಬೇಕಾಗದು, ಇಬ್ಬರು ಕೂಡಿದರೆ ಧಮ್ಮ ಬೇಕೇ ಬೇಕು ಎಂದೂ ಅವರು ವಿವರಿಸುತ್ತಾರೆ. ಅಂದಮೇಲೆ ನಮ್ಮ ಲೆಕ್ಕ ಆ ಎರಡನೆಯ ಮನುಷ್ಯನ ಮುಂದೆ. ನನ್ನ ಮಾತು ಯಾರಿಗೆ ತಾಗಿತೋ, ನನ್ನ ಕೆಲಸದಿಂದ ಯಾರ ಹೊಟ್ಟೆ ತುಂಬಿತೋ ಅಥವಾ ಉರಿಯಿತೋ, ಅವರೇ ನನ್ನ ಲೆಕ್ಕದ ಪುಸ್ತಕ. ಮೇಲಿನಿಂದ ಯಾರೂ ನೋಡುವುದಿಲ್ಲ ಎಂದು ಗೊತ್ತಿದ್ದೂ ಕತ್ತಲಲ್ಲಿ ನೆಟ್ಟಗೆ ನಡೆಯುವುದು ಸುಲಭವಲ್ಲ. ಆದರೆ ಹಾಗೆ ನಡೆದವರಿಗೆ ದಂಡದ ಅಂಜಿಕೆಯೂ ಇಲ್ಲ, ಸ್ವರ್ಗದ ಆಸೆಯೂ ಇಲ್ಲ. ಮತ್ತೊಬ್ಬರ ಕಣ್ಣಿಗೆ ಹೆದರಿ ಹೆದರಿ ಸಾಕಾದ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂದು ಯೋಚಿಸಿರಿ.

*ರಾಹುಲನ ಕನ್ನಡಿ*

ಹಾಗಾದರೆ ದಿನಾಲೂ ಮಾಡುವುದು ಹೇಗೆ? ಬುದ್ಧರು ಮಗ ರಾಹುಲನಿಗೆ ಹೇಳಿಕೊಟ್ಟ ರೀತಿ ನಮ್ಮಂಥ ಸಂಸಾರಸ್ಥರಿಗೆ ಬಹಳ ಅನುಕೂಲ. ಕನ್ನಡಿ ಇರುವುದು ಏತಕ್ಕೆ, ನೋಡಿಕೊಳ್ಳಲಿಕ್ಕೆ. ಹಾಗೆಯೇ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಮಾಡುವ ಪ್ರತಿ ಕೆಲಸವನ್ನು ಮೂರು ಸಲ ನೋಡಿಕೊಳ್ಳಬೇಕು: ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ. ಇದರಿಂದ ನನಗೆ, ಇನ್ನೊಬ್ಬರಿಗೆ ಅಥವಾ ಇಬ್ಬರಿಗೂ ನೋವಾಗುತ್ತದೆಯೇ? ಮಾತಿನಲ್ಲಿ, ಕೆಲಸದಲ್ಲಿ ತಪ್ಪಾಗಿದ್ದರೆ ತಿಳಿವಳಿಕೆಯುಳ್ಳ ಸಂಗಾತಿಯ ಮುಂದೆ ಬಿಚ್ಚಿ ಹೇಳಬೇಕು. ಸಾಮ್ರಾಟ ಅಶೋಕನು ಬೈರಾಟದ ಶಾಸನದಲ್ಲಿ ಭಿಕ್ಖುಗಳೂ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕೆಂದು ಕೆಲವು ಉಪದೇಶಗಳ ಹೆಸರು ಕೊಟ್ಟಿದ್ದಾನೆ. ಅದರಲ್ಲಿ ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ ಉಪದೇಶವೂ ಇದೆ.

ಈ ಕನ್ನಡಿಯನ್ನು ನಮ್ಮ ಭಾಗದಲ್ಲಿ ಮೂರು ಕಡೆ ಹಿಡಿದು ನೋಡೋಣ.

*ಮೊದಲನೆಯದು, ಕೈಯಲ್ಲಿರುವ ಮೊಬೈಲ್.* ಬುದ್ಧರ ಚಿತ್ರ ಹಾಕಿ, ಕೆಳಗೆ ಅವರು ಎಂದೂ ಹೇಳದ ಮಾತು ಬರೆದು ಕಳಿಸುತ್ತಾರೆ. ಬಾಬಾಸಾಹೇಬರ ಹೆಸರಿನಲ್ಲಿ ಯಾರೋ ಕಟ್ಟಿದ ಮಾತು ನೂರು ಗ್ರೂಪಿಗೆ ಹೋಗುತ್ತದೆ. ಎಲ್ಲೋ ನಡೆದ ಜಗಳದ ಹಳೆಯ ವಿಡಿಯೋಗೆ ನಮ್ಮ ಊರಿನ ಹೆಸರು ಅಂಟುತ್ತದೆ. ಕಳಿಸುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಬೆರಳು ಮಾತ್ರ ಮನಸ್ಸಿಗಿಂತ ಮುಂದೆ ಓಡಿರುತ್ತದೆ. ಕೇಳಿದ್ದು, ಎಲ್ಲರೂ ಹೇಳುವುದು, ಗ್ರಂಥದಲ್ಲಿ ಇದೆ ಎನ್ನುವುದು, ಇಷ್ಟಕ್ಕೇ ನಂಬಬೇಡಿ ಎಂದು ಕಾಲಾಮರಿಗೆ ಹೇಳಿದ ಗುರುವಿನ ಹೆಸರಿನಲ್ಲೇ ಪರೀಕ್ಷಿಸದ ಮಾತು ಹಂಚುವುದು ಎಂಥ ವಿಚಿತ್ರ! ನಾಲ್ಕನೆಯ ಶೀಲ ನಾಲಿಗೆಗೆ ಅಷ್ಟೇ ಅಲ್ಲ, ಹೆಬ್ಬೆರಳಿಗೂ ಇದೆ.

*ಎರಡನೆಯದು, ಮದುವೆಯ ಮಾತುಕತೆ.* ಜಯಂತಿಯ ವೇದಿಕೆಯ ಮೇಲೆ ಸಮಾನತೆಯ ಭಾಷಣ ಮಾಡುವ ನಾವು, ಮಗಳಿಗೆ ವರ ನೋಡುವಾಗ ಏನು ಮಾತಾಡುತ್ತೇವೆ ಎಂದು ಕಿವಿಗೊಟ್ಟು ಕೇಳಿರಿ. “ಹುಡುಗ ಛಲೋ ಅದಾನ, ನೌಕರಿನೂ ಐತಿ, ನಮ್ಮಂಗ ಧಮ್ಮಕ್ಕ ಬಂದಾರ. ಆದ್ರ ಅವರು ಮೊದಲ ಯಾರು ಅಂತ ಗೊತ್ತೈತಲ್ಲ?” ಈ ‘ಆದ್ರ’ ಎಲ್ಲಿಂದ ಬಂತು? ನಮ್ಮನ್ನು ಬಾವಿಯಿಂದ ದೂರ ನಿಲ್ಲಿಸಿದ್ದು ಇದೇ ‘ಆದ್ರ’. ಬಲಗೈ, ಎಡಗೈ, ಮೇಲೆ, ಕೆಳಗೆ ಎಂದು ನಾವು ನಾವೇ ಅಳೆಯತೊಡಗಿದರೆ, ಬಾಗಿಲು ಹಾಕಿದ ಕೋಟೆಯೊಳಗೆ ಮದ್ದಿಗೆ ಸಗಣಿ ಬೆರೆಸಿದ ಹಾಗೆ. ಬೆಳಗಾಗುವ ಮೊದಲು ಓಣಿ ಗುಡಿಸಲು ಬರುವ ಪೌರಕಾರ್ಮಿಕ ತಾಯಿಯನ್ನು ನಮ್ಮ ಮನೆಯ ಮಕ್ಕಳು ಏಕವಚನದಲ್ಲಿ ಕರೆಯುತ್ತಾರೋ ಹೇಗೆ, ಅದನ್ನೂ ಗಮನಿಸಿರಿ. ಮನುಷ್ಯರೆಲ್ಲ ಸಮಾನರೆಂದು ನಂಬುತ್ತೇನೆ, ಸಮಾನತೆ ತರಲು ದುಡಿಯುತ್ತೇನೆ ಎಂಬುದು 22 ಪ್ರತಿಜ್ಞೆಗಳಲ್ಲಿ ಒಂಬತ್ತು ಮತ್ತು ಹತ್ತನೆಯದು. ನಮಗಿಂತ ಮೇಲಿನವರು ಅದನ್ನು ಒಪ್ಪಲಿ ಎಂದು ಕಾಯುವುದಕ್ಕೆ ಅಲ್ಲ, ನಾವು ನಮಗಿಂತ ಕೆಳಗೆ ಯಾರನ್ನೂ ಇಡಬಾರದು ಎಂದೇ ಅವು ನಮ್ಮ ಬಾಯಿಂದ ಬಂದಿವೆ.

*ಮೂರನೆಯದು, ಮಗು ಜ್ವರದಿಂದ ನರಳುವ ರಾತ್ರಿ.* ಇದರ ಬಗ್ಗೆ ಬರೆಯುವಾಗ ಕೈ ಹಗುರಾಗಿರಬೇಕು. ಸವದತ್ತಿಯ ಗುಡ್ಡ ನಮ್ಮ ಬೆನ್ನ ಹಿಂದೆಯೇ ಇದೆ. ಭಾರತ ಹುಣ್ಣಿಮೆ ಬಂದರೆ ‘ಉಧೋ ಉಧೋ’ ಎನ್ನುವ ಬಂಡಿಗಳು, ಟ್ರ್ಯಾಕ್ಟರುಗಳು ನಮ್ಮ ಬಾಗಿಲ ಮುಂದಿನಿಂದಲೇ ಹೋಗುತ್ತವೆ. ದೀಕ್ಷೆ ತಗೊಂಡು ಹತ್ತು ವರ್ಷವಾದ ಮನೆಯಲ್ಲೂ ಮಗುವಿನ ಜ್ವರ ಮೂರನೆಯ ದಿನಕ್ಕೆ ಇಳಿಯದಿದ್ದರೆ, ಹಿರಿಯ ಹೆಣ್ಣುಮಗಳೊಬ್ಬಳು ಮೆಲ್ಲಗೆ “ಒಂದು ಹರಕಿ ಹೊತ್ತಬಿಡೂಣು” ಎನ್ನುತ್ತಾಳೆ. ಅವಳನ್ನು ಬೈಯಬೇಡಿ. ಅದು ಭಕ್ತಿಗಿಂತ ಹೆಚ್ಚಾಗಿ ಅಂಜಿಕೆ. ಆದರೆ ಆ ಅಂಜಿಕೆಯ ರಾತ್ರಿಗಳು ಈ ಸೀಮೆಯಲ್ಲಿ ಏನು ಮಾಡಿವೆ ಎಂದು ನೆನಪಿಡಿ. ಹುಡುಗಿಯ ಕೂದಲು ಜಡೆಗಟ್ಟಿದರೆ ದೇವಿ ಕರೆದಳು ಎಂದರು. ಮನೆಗೆ ಕಷ್ಟ ಬಂದರೆ ಮಗಳಿಗೆ ಮುತ್ತು ಕಟ್ಟಿದರು. ಆ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ಕೇರಿಗಳವರೇ. ಒಂದು ರಾತ್ರಿಯ ಅಂಜಿಕೆಗೆ ಒಂದು ಹೆಣ್ಣಿನ ಇಡೀ ಬಾಳು ಬೆಲೆಯಾಯಿತು. ಅದನ್ನು ತಡೆಯಲು 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಬೇಕಾಯಿತು. ಕಾಯ್ದೆ ಪೊಲೀಸರನ್ನು ಕರೆಸಬಲ್ಲದು, ನಡುರಾತ್ರಿ ಮನಸ್ಸಿನ ಬಾಗಿಲಲ್ಲಿ ಕೂತು ಅಂಜಿಕೆಯನ್ನು ಗುರುತಿಸಲಾರದು. ಆ ಕೆಲಸ ನಮ್ಮದೇ. ಅಂಥ ರಾತ್ರಿ ‘ಇದು ಅಂಜಿಕೆ, ನನಗೆ ಅಂಜಿಕೆ ಬಂದಿದೆ’ ಎಂದು ಹೆಸರಿಟ್ಟು ನೋಡಿರಿ, ಮಗುವನ್ನು ದವಾಖಾನೆಗೆ ಕರೆದೊಯ್ಯಿರಿ. ಉಳಿದವರು ಆ ತಾಯಿಯ ಹತ್ತಿರ ಹೋಗಿ ಕೂಡಿರಿ. ಒಬ್ಬಂಟಿಯಾದಾಗಲೇ ಹರಕೆಯ ಮಾತು ಬಾಯಿಗೆ ಬರುವುದು. ಜೊತೆಗೆ ನಾಲ್ಕು ಜನ ಕೂತು ಬೆಳಕು ಹರಿಸಿದರೆ ಅಂಜಿಕೆ ತಾನೇ ಕರಗುತ್ತದೆ. ನಮ್ಮ ಅಧ್ಯಯನ ಬಳಗ ಇರುವುದು ಸುತ್ತ ಓದುವುದಕ್ಕೆ ಮಾತ್ರವಲ್ಲ, ಇಂಥ ರಾತ್ರಿಗೂ ಬೇಕು.

*ದೀಕ್ಷೆ ಒಂದು ದಿನ, ಎಚ್ಚರ ದಿನಾಲೂ*

ಕೆಲವರು ಕೇಳುತ್ತಾರೆ: “ದೀಕ್ಷಾ ತಗೊಂಡೀವಿ, 22 ಪ್ರತಿಜ್ಞಾ ಮಾಡೀವಿ, ಇನ್ನ ಏನ ಉಳೀತು?” ಅವರಿಗೆ ನಾನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದ ಸುದ್ದಿ ಹೇಳುತ್ತೇನೆ. ನಮ್ಮದೇ ಕನ್ನಡ ನೆಲದ ಬಂಡೆ ಅದು. ಅದರಲ್ಲಿ ಅಶೋಕ ತನ್ನ ಬಗ್ಗೆಯೇ ಹೇಳಿಕೊಂಡಿದ್ದಾನೆ: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ನಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಶ್ರಮಪಟ್ಟಿದ್ದೇನೆ. ಅಷ್ಟು ದೊಡ್ಡ ಸಾಮ್ರಾಟ, ತನ್ನ ಮೈಮರೆವಿನ ವರ್ಷವನ್ನು ಕಲ್ಲಿನ ಮೇಲೆ ಕೊರೆಸಿ ಪ್ರಜೆಗಳಿಗೆ ಓದಿಸಿದ! ಅಲ್ಲಿಯೇ ಇನ್ನೊಂದು ಮಾತೂ ಇದೆ: ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಲ್ಲರು. ದೇವಸ್ಥಾನದ ಮೆಟ್ಟಿಲನ್ನೂ ಹತ್ತಗೊಡದ ಮಂದಿಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಬರೆದಿಟ್ಟ ಭರವಸೆ ಇದು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಬಾಗಿಲು ತೆರೆದುಕೊಟ್ಟರು. ಅದಾಗಿ ಎರಡು ತಿಂಗಳೂ ಅವರು ನಮ್ಮ ಜೊತೆ ಇರಲಿಲ್ಲ. ಬಾಗಿಲು ತೆರೆದವರು ಹೋದರು, ಕಾವಲು ನಮ್ಮ ಪಾಲಿಗೆ ಬಂತು. ತಲೆತಲಾಂತರ ಬೇರೆಯವರ ಬಾಗಿಲು ಕಾಯ್ದ ಜನ ನಾವು. ನಿದ್ದೆಗೆಡುವುದು ನಮಗೆ ಗೊತ್ತು, ಕಣ್ಣು ಚುರುಕು ಇಡುವುದು ನಮಗೆ ಗೊತ್ತು. ಆ ಕಸುಬನ್ನೇ ಈಗ ನಮ್ಮ ಮನಸ್ಸಿಗೆ, ನಮ್ಮ ಮಕ್ಕಳಿಗೆ, ನಮ್ಮ ಸಂಘಕ್ಕೆ ಬಳಸೋಣ. ತಲೆ ತಗ್ಗಿಸದೆ ಬಳಸೋಣ.

*ಇಂದಿನ ಅಭ್ಯಾಸ:*

1. ಇಂದು ಯಾವುದೇ ಸಂದೇಶವನ್ನು ಮುಂದೆ ಕಳಿಸುವ ಮುಂಚೆ ಒಂದು ಉಸಿರು ತಡೆಯಿರಿ. ಇದು ನಿಜವೇ, ಇದರಿಂದ ಯಾರಿಗೆ ಉಪಯೋಗ ಎಂದು ಕೇಳಿಕೊಳ್ಳಿರಿ. ಈ ಸಂದೇಶಕ್ಕೂ ಅದೇ ನಿಯಮ ಅನ್ವಯ.

2. ನಿಮ್ಮ ಬಾಯಲ್ಲಿ ಜಾತಿಯ ‘ಆದ್ರ’ ಎಷ್ಟು ಸಲ ಬಂತು, ಸಂಜೆ ಎಣಿಸಿರಿ. ಮನೆಯವರ ಬಾಯಲ್ಲಿ ಬಂದದ್ದನ್ನು ಎಣಿಸುವುದು ಬೇಡ.

3. ಮಲಗುವ ಮುಂಚೆ ಐದು ನಿಮಿಷ ಸುಮ್ಮನೆ ಕೂಡಿರಿ. ಇಂದು ನನ್ನಿಂದ ಯಾರಿಗೆ ನೆಮ್ಮದಿಯಾಯಿತು, ಯಾರಿಗೆ ನೋವಾಯಿತು ಎಂದು ನೆನೆಯಿರಿ. ನೋವಾಗಿದ್ದರೆ ನಾಳೆ ಅವರನ್ನು ಕಂಡು ಒಂದು ಮಾತಾಡಿರಿ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರೂ ಅಂಜಿಕೆಯಿಲ್ಲದೆ ಎಚ್ಚರದಿಂದ ಬಾಳಲಿ.

ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ. 🙏